ಕೂಟಗಳಿಂದಲೇ ಮೊದಲ ಮಹಾಯುದ್ಧ ಆಯ್ತು ಅನ್ನೋದು ಎಷ್ಟು ನಿಜ?

ಮೇಷ್ಟ್ರು_ಅರಸೀಕೆರೆ
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊದಲ ಮಹಾಯುದ್ಧದ ಕಾರಣ ಅಂದ್ರೆ ನಮ್ಮಲ್ಲಿ ಒಂದು ಸಿದ್ಧ ಪಟ್ಟಿ ಇದೆ. ಉಗ್ರ ರಾಷ್ಟ್ರೀಯತೆ, ಸೈನಿಕ ಕೂಟಗಳು, ಶಸ್ತ್ರಾಸ್ತ್ರ ಪೈಪೋಟಿ, ಸಾಮ್ರಾಜ್ಯಶಾಹಿ. ತಕ್ಷಣದ ಕಾರಣ ಬೋಸ್ನಿಯಾದ ಸರಾಯೆವೊದಲ್ಲಿ ಆದ ಆಸ್ಟ್ರಿಯಾ ಯುವರಾಜನ ಕೊಲೆ. ಇಷ್ಟು ಬರೆದರೆ ಪೂರ್ತಿ ಅಂಕ.

ಒಬ್ಬ ಹುಡುಗಿ ಕ್ಲಾಸಿನಲ್ಲಿ ಎದ್ದು ಕೇಳಿದಳು: ಸರ್, ಇಟಲಿ ಜರ್ಮನಿಯ ಕೂಟದಲ್ಲೇ ಇತ್ತು, 1914ರಲ್ಲಿ ಯುದ್ಧಕ್ಕೇ ಬರಲಿಲ್ಲ. 1915ರಲ್ಲಿ ಬಂದಿದ್ದು ಎದುರು ಪಕ್ಷಕ್ಕೆ. ಹಾಗಿದ್ರೆ ಕೂಟದಿಂದ ಯುದ್ಧ ಆಯ್ತು ಅಂತ ಹೇಗೆ ಬರೆಯೋದು?

ಇಟಲಿಯದು ಬೇರೆ ಕಥೆಮ್ಮಾ ಅಂತ ಹೇಳಿ ಗಂಟೆ ಹೊಡೆಯೋವರೆಗೆ ಮುಂದಿನ ಪಾಠಕ್ಕೆ ಹೋದೆ. ಅವಳು ಬಿಡೋ ಪೈಕಿ ಅಲ್ಲ. ಇಲ್ಲಿ ಓದಿಕೊಂಡವರು ಜಾಸ್ತಿ ಇದ್ದೀರಿ. ಹತ್ತನೇ ಕ್ಲಾಸಿಗೆ ಅರ್ಥ ಆಗೋ ಹಾಗೆ ಏನು ಹೇಳಲಿ?

ತರಲೆ_ತಮ್ಮ
ಮೊದಲು ಆ ಹುಡುಗಿಗೆ ಪೂರ್ತಿ ಅಂಕ ಕೊಡಿ ಸರ್.

ಐಎಎಸ್_ಕನಸು
ಸರ್, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದವರನ್ನೇ ಪ್ರಶ್ನೆ ಮಾಡೋಕೆ ಹೋದ್ರೆ ಅಂಕ ಹೋಗುತ್ತೆ. 1879ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗರಿ, 1882ರಲ್ಲಿ ಇಟಲಿ ಸೇರಿ ತ್ರಿಮೈತ್ರಿ ಕೂಟ. ಈ ಕಡೆ 1894ರಲ್ಲಿ ಫ್ರಾನ್ಸ್-ರಷ್ಯಾ, 1904ರಲ್ಲಿ ಬ್ರಿಟನ್-ಫ್ರಾನ್ಸ್, 1907ರಲ್ಲಿ ಬ್ರಿಟನ್-ರಷ್ಯಾ. ಯೂರೋಪ್ ಎರಡು ಬಣ ಆಯ್ತು. ಒಬ್ಬ ಕಾಲಿಟ್ಟ, ಕರಾರಿನ ಪ್ರಕಾರ ಎಲ್ಲರೂ ಕಾಲಿಟ್ಟರು. ಮಕ್ಕಳಿಗೆ ಇಷ್ಟು ಸಾಕು.

ಲಾಯರ್_ಮಂಡ್ಯ
"ಕರಾರಿನ ಪ್ರಕಾರ" ಅಂತ ಇಷ್ಟು ಸಲೀಸಾಗಿ ಬರೀತೀರಲ್ಲ ತಮ್ಮಾ, ಕರಾರಿನಲ್ಲಿ ಏನಿತ್ತು ಅಂತ ಒಂದ್ಸಲ ನೋಡೋಣ. ನನ್ನ ಕಸುಬೇ ಅದು.

1879ರ ಜರ್ಮನಿ-ಆಸ್ಟ್ರಿಯಾ ಕರಾರು ರಕ್ಷಣೆಗೆ ಮಾತ್ರ. ರಷ್ಯಾ ಇಬ್ಬರಲ್ಲಿ ಒಬ್ಬರ ಮೇಲೆ ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು. ಆಸ್ಟ್ರಿಯಾ ತಾನಾಗಿ ಹೋಗಿ ಸರ್ಬಿಯಾ ಮೇಲೆ ಬಿದ್ದರೆ ಜರ್ಮನಿ ಹಿಂದೆ ಬರಬೇಕು ಅಂತ ಎಲ್ಲೂ ಬರೆದಿಲ್ಲ. ಆದ್ರೂ 1914ರ ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಆಸ್ಟ್ರಿಯಾಗೆ ಏನೇ ಮಾಡಿದರೂ ಬೆನ್ನಿಗಿರುತ್ತೇನೆ ಅಂತ ಮಾತು ಕೊಟ್ಟ. ಮರುದಿನ ಚಾನ್ಸಲರ್ ಬೆಥ್‌ಮನ್ ಹೋಲ್ವೆಗ್ ಅದನ್ನೇ ಅಧಿಕೃತವಾಗಿ ಹೇಳಿದ. ಖಾಲಿ ಚೆಕ್ ಅಂತ ಕರೆಯೋದು ಇದನ್ನೇ. ಯಾವ ಕರಾರೂ ಆ ಚೆಕ್ ಕೇಳಿರಲಿಲ್ಲ.

ರಷ್ಯಾಗೂ ಸರ್ಬಿಯಾಗೂ ಯುದ್ಧಕ್ಕೆ ಬರಲೇಬೇಕು ಅನ್ನೋ ಲಿಖಿತ ಒಪ್ಪಂದವೇ ಇರಲಿಲ್ಲ. ಇಬ್ಬರೂ ಸ್ಲಾವ್ ಜನ ಅನ್ನೋ ಬಂಧುತ್ವ ಇತ್ತು, ಬಾಲ್ಕನ್‌ನಲ್ಲಿ ಮಾನ ಉಳಿಸಿಕೊಳ್ಳೋ ಹಟ ಇತ್ತು. ಸಹಿ ಇರಲಿಲ್ಲ.

ಇಟಲಿ? ಅದರ ಕರಾರೂ ರಕ್ಷಣೆಗೆ ಮಾತ್ರ. ಜೊತೆಗೆ 7ನೇ ಕಲಂ ಇತ್ತು. ಬಾಲ್ಕನ್‌ನಲ್ಲಿ ಆಸ್ಟ್ರಿಯಾ ಏನಾದರೂ ಬದಲಾವಣೆ ಮಾಡೋದಾದ್ರೆ ಮೊದಲು ಇಟಲಿ ಜೊತೆ ಮಾತಾಡಬೇಕು, ಪರಿಹಾರ ಕೊಡಬೇಕು. ಆಸ್ಟ್ರಿಯಾ ಮಾತಾಡಲಿಲ್ಲ. ಇಟಲಿ ಅದೇ ಕಲಂ ತೋರಿಸಿ ಮನೇಲಿ ಕೂತಿತು. ಒಪ್ಪಂದ ಮುರಿದವರು ಯಾರು ಅಂತ ಕೋರ್ಟಿಗೆ ಹೋಗಿದ್ರೆ ಇಟಲಿ ಗೆಲ್ಲೋ ಕೇಸ್ ಅದು.

ಮೇಷ್ಟ್ರೇ, ನಿಮ್ಮ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ.

ಹಳೇ_ಪೇಪರ್
ಲಾಯರ್ ಸಾಹೇಬ್ರೇ, ಪಟ್ಟಿಗೆ ಬ್ರಿಟನ್ ಸೇರಿಸಿ. ಫ್ರಾನ್ಸ್ ಜೊತೆ 1904ರಲ್ಲಿ ಆಗಿದ್ದು ಮೊರಾಕ್ಕೊ, ಈಜಿಪ್ಟ್ ತರಹದ ಜಾಗಗಳ ಜಗಳ ಬಗೆಹರಿಸಿಕೊಂಡ ಪತ್ರ. 1907ರಲ್ಲಿ ರಷ್ಯಾ ಜೊತೆ ಆಗಿದ್ದು ಪರ್ಷಿಯಾ, ಅಫ್ಘಾನಿಸ್ತಾನ, ಟಿಬೆಟ್ ಬಗ್ಗೆ. ಅಂದ್ರೆ ಇಂಡಿಯಾದ ಬಾಗಿಲು ಕಾಯೋ ಲೆಕ್ಕ. ಎರಡರಲ್ಲೂ ಜರ್ಮನಿ ಮೇಲೆ ಯುದ್ಧಕ್ಕೆ ಬರ್ತೀವಿ ಅನ್ನೋ ಮಾತಿಲ್ಲ.

ಆದರೆ 1912ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನೌಕಾಪಡೆಗಳು ಸಮುದ್ರ ಹಂಚಿಕೊಂಡಿದ್ದವು. ಫ್ರೆಂಚ್ ಹಡಗು ಮೆಡಿಟರೇನಿಯನ್ ಕಡೆ, ಬ್ರಿಟಿಷ್ ಹಡಗು ಉತ್ತರ ಸಮುದ್ರದ ಕಡೆ. ಫ್ರಾನ್ಸಿನ ಉತ್ತರ ಕರಾವಳಿ ಖಾಲಿ ಬಿತ್ತು. ಕಾಗದದ ಮೇಲೆ ಬ್ರಿಟನ್‌ಗೆ ಯಾವ ಬಂಧನವೂ ಇಲ್ಲ. ಆದ್ರೆ ಖಾಲಿ ಕರಾವಳಿಗೆ ಜರ್ಮನ್ ಹಡಗು ಬಂದ್ರೆ ನೋಡ್ಕೊಂಡು ಕೂರೋಕಾಗುತ್ತಾ? ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಆಗಸ್ಟ್ 3ರಂದು ಪಾರ್ಲಿಮೆಂಟಿನಲ್ಲಿ ಈ ಮಾತನ್ನೇ ಹಿಡಿದ. ಬಹಳ ಜನ ಎಂಪಿಗಳಿಗೆ ಈ ಏರ್ಪಾಡು ಗೊತ್ತಾಗಿದ್ದೇ ಆವತ್ತು.

ಅಂದಹಾಗೆ ಯುದ್ಧ ಬೇಡ ಅಂತ ಆ ಸಂಪುಟ ಬಿಟ್ಟು ಹೋದವರು ಇಬ್ಬರು. ಜಾನ್ ಬರ್ನ್ಸ್ ಮತ್ತು ಜಾನ್ ಮಾರ್ಲೆ. ಹೌದು, ನಮ್ಮ ಪಾಠದಲ್ಲಿ ಬರೋ 1909ರ ಮಿಂಟೋ-ಮಾರ್ಲೆ ಸುಧಾರಣೆಯ ಮಾರ್ಲೆನೇ.

ತರಲೆ_ತಮ್ಮ
ಇದೆಲ್ಲ ಬಿಡಿ. ಸರಾಯೆವೊದಲ್ಲಿ ಯುವರಾಜನನ್ನ ಕೊಂದ ಆ ಪ್ರಿನ್ಸಿಪ್ ಸ್ಯಾಂಡ್‌ವಿಚ್ ತಿನ್ನೋಕೆ ಹೋಗದೇ ಇದ್ದಿದ್ರೆ ಯುದ್ಧವೇ ಆಗ್ತಿರಲಿಲ್ಲ. ರೀಲ್ಸ್‌ನಲ್ಲಿ ನೋಡಿದೆ.

ಧಾರವಾಡ_ಪೇಡೆ
ರೀಲ್ಸ್ ಇತಿಹಾಸ ಬ್ಯಾಡೋ ಮಾರಾಯಾ. ಸ್ಯಾಂಡ್‌ವಿಚ್ ಕಥೆಗೆ ಆ ಕಾಲದ ಆಧಾರ ಒಂದೂ ಇಲ್ಲ.

ನಡೆದಿದ್ದು ಹೀಗೆ. 1914 ಜೂನ್ 28, ಬೆಳಿಗ್ಗೆ. ಚಾಬ್ರಿನೊವಿಚ್ ಅನ್ನೋ ಹುಡುಗ ಬಾಂಬ್ ಎಸೆದ. ಯುವರಾಜ ಫ್ರಾನ್ಜ್ ಫರ್ಡಿನಾಂಡ್‌ಗೆ ಏನೂ ಆಗಲಿಲ್ಲ, ಹಿಂದಿನ ಕಾರಿನವರಿಗೆ ಗಾಯ ಆಯ್ತು. ಎಸೆದವ ಸಯನೈಡ್ ನುಂಗಿ ಮಿಲ್ಯಾಟ್ಸ್ಕಾ ನದಿಗೆ ಹಾರಿದ. ವಿಷ ಕೆಲಸ ಮಾಡಲಿಲ್ಲ. ಬೇಸಿಗೆ, ನದಿಯಲ್ಲಿ ಮುಳುಗೋವಷ್ಟು ನೀರೂ ಇರಲಿಲ್ಲ. ಟೌನ್ ಹಾಲ್ ಸಮಾರಂಭ ಮುಗಿಸಿ ಗಾಯಾಳುಗಳನ್ನ ನೋಡೋಕೆ ಹೊರಟರು. ದಾರಿ ಬದಲಾಗಿದ್ದನ್ನ ಡ್ರೈವರ್‌ಗೆ ಯಾರೂ ಹೇಳಲಿಲ್ಲ. ಲ್ಯಾಟಿನ್ ಸೇತುವೆ ಹತ್ತಿರ ಹಳೇ ದಾರಿಗೇ ತಿರುಗಿಸಿದ. ಗವರ್ನರ್ ಪೊಟಿಯೊರೆಕ್ ಕೂಗಿದ್ದಕ್ಕೆ ಕಾರು ನಿಲ್ಲಿಸಿದ. ನಿಂತಿದ್ದು ಪ್ರಿನ್ಸಿಪ್ ಎದುರಿಗೇ. ಅವನು ಮೊದಲೇ ಗೊತ್ತಿದ್ದ ಮೆರವಣಿಗೆ ದಾರಿಯಲ್ಲೇ ಕಾಯ್ತಿದ್ದ. ಅವನ ವಯಸ್ಸು 19. ಇಪ್ಪತ್ತು ತುಂಬಿರದ ಕಾರಣ ಗಲ್ಲು ತಪ್ಪಿತು. 1918ರಲ್ಲಿ ಜೈಲಿನಲ್ಲಿ ಕ್ಷಯದಿಂದ ಸತ್ತ.

ಜೂನ್ 28 ಸರ್ಬರಿಗೆ ವಿದೋವ್‌ದಾನ್. 1389ರ ಕೊಸೊವೊ ಕಾಳಗದ ನೆನಪಿನ ದಿನ. ಅಂಥ ದಿನವೇ ಆಸ್ಟ್ರಿಯಾದ ಯುವರಾಜ ತೆರೆದ ಕಾರಿನಲ್ಲಿ ಮೆರವಣಿಗೆ ಹೊರಟಿದ್ದು. ಅದಕ್ಕೆ ಯಾರು ಒಪ್ಪಿಗೆ ಕೊಟ್ಟರೋ!

ಮ್ಯೂನಿಕ್_ಕನ್ನಡತಿ
ಇನ್ನೊಂದು ವಿಷಯ ಸೇರಿಸ್ತೀನಿ. ಫರ್ಡಿನಾಂಡ್ ಹೆಂಡತಿ ಸೋಫಿ ರಾಜಮನೆತನದ ಸಮಾನ ಅಂತಸ್ತಿನವಳಲ್ಲ. ವಿಯೆನ್ನಾದ ಅರಮನೆ ಸಮಾರಂಭಗಳಲ್ಲಿ ಗಂಡನ ಪಕ್ಕ ನಿಲ್ಲೋ ಹಾಗಿರಲಿಲ್ಲ. ಸರಾಯೆವೊಗೆ ಅವನು ಹೋಗಿದ್ದು ಸೇನೆಯ ಇನ್‌ಸ್ಪೆಕ್ಟರ್ ಆಗಿ, ಹಾಗಾಗಿ ಅಲ್ಲಿ ಪಕ್ಕದಲ್ಲಿ ಕೂರಬಹುದಿತ್ತು. ಕೂತಳು, ಜೊತೆಗೇ ಹೋದಳು.

ಮತ್ತೆ ಸತ್ತವನೇ ಸರ್ಬಿಯಾ ಜೊತೆ ಯುದ್ಧ ಬೇಡ ಅಂತಿದ್ದವನು. ಸೇನಾ ಮುಖ್ಯಸ್ಥ ಕಾನ್ರಾಡ್ ವರ್ಷಗಟ್ಟಲೆ ಸರ್ಬಿಯಾಗೆ ಬುದ್ಧಿ ಕಲಿಸಬೇಕು ಅಂತ ಅರ್ಜಿ ಹಾಕ್ತಲೇ ಇದ್ದ, ಅವನನ್ನ ತಡೀತಿದ್ದವರಲ್ಲಿ ಫರ್ಡಿನಾಂಡ್ ಒಬ್ಬ. ತಡೆಯೋನನ್ನೇ ಕೊಂದರು.

ಐಎಎಸ್_ಕನಸು
ಸರಿ, ಕೂಟಗಳು ಬೇಡ. ಹಾಗಾದ್ರೆ ರಾಷ್ಟ್ರೀಯತೆಯೇ ಮುಖ್ಯ ಕಾರಣ ಅಂತ ಬರೆಯಬಹುದಾ? ಜರ್ಮನಿ ಕಿತ್ತುಕೊಂಡ ಅಲ್ಸೇಸ್-ಲೊರೇನ್‌ಗಾಗಿ ಫ್ರಾನ್ಸಿನ ಸೇಡು, ಸರ್ಬರ ದೊಡ್ಡ ಸರ್ಬಿಯಾ ಕನಸು, ರಷ್ಯಾದ ಸ್ಲಾವ್ ವಾದ.

ಮ್ಯೂನಿಕ್_ಕನ್ನಡತಿ
ಬರೆಯಬಹುದು, ಆದರೆ ಎಲ್ಲ ದೇಶಕ್ಕೂ ಒಂದೇ ತೂಕ ಹಾಕಬೇಡಿ. ಪ್ಯಾರಿಸ್‌ನ ಕಾಂಕೋರ್ಡ್ ಚೌಕದಲ್ಲಿ ಅಲ್ಸೇಸ್‌ನ ಸ್ಟ್ರಾಸ್‌ಬರ್ಗ್ ನಗರದ ಹೆಸರಿನ ಪ್ರತಿಮೆಗೆ ಕಪ್ಪು ಬಟ್ಟೆ ಹೊದಿಸಿ 1871ರ ಸೋಲನ್ನ ನೆನೀತಿದ್ರು ನಿಜ. ಅಷ್ಟಕ್ಕೇ ಅದನ್ನ ವಾಪಸ್ ತರೋಕೆ 1914ರಲ್ಲಿ ಫ್ರಾನ್ಸ್ ತಾನಾಗಿ ಯುದ್ಧ ಶುರು ಮಾಡ್ತಿತ್ತು ಅನ್ನೋಕಾಗಲ್ಲ. ನಲವತ್ತು ವರ್ಷ ಮೀರಿತ್ತು.

ರಾಷ್ಟ್ರೀಯತೆ ನಿಜವಾಗಿ ಕುದೀತಿದ್ದಿದ್ದು ಆಸ್ಟ್ರಿಯಾ-ಹಂಗರಿಯ ಒಳಗೆ. ಜರ್ಮನ್, ಹಂಗೇರಿಯನ್, ಜೆಕ್, ಪೋಲಿಷ್, ಉಕ್ರೇನಿಯನ್, ರುಮೇನಿಯನ್, ಕ್ರೊವೇಷಿಯನ್, ಸರ್ಬಿಯನ್, ಸ್ಲೊವಾಕ್, ಸ್ಲೊವೇನ್, ಇಟಾಲಿಯನ್, ಎಲ್ಲ ಒಂದೇ ಚಕ್ರವರ್ತಿ ಕೆಳಗೆ. ಸೇನೆಯಲ್ಲಿ ಕವಾಯತಿನ ಆಜ್ಞೆಗೆ ಸುಮಾರು 80 ಜರ್ಮನ್ ಮಾತು ಕಲಿತರೆ ಸಾಕು. ಉಳಿದಿದ್ದಕ್ಕೆ ಆಯಾ ರೆಜಿಮೆಂಟಿನ ಸೈನಿಕರ ಭಾಷೆಯನ್ನ ಅಧಿಕಾರಿಗಳೇ ಕಲೀಬೇಕು. ಕೇಳೋಕೆ ಚೆಂದ. ಆದ್ರೆ ಪಕ್ಕದಲ್ಲೇ ಸರ್ಬಿಯಾ ಅನ್ನೋ ಸ್ವತಂತ್ರ ದೇಶ ನಿಂತು "ನಮ್ಮವರೆಲ್ಲ ನಮ್ಮ ಕಡೆ ಬನ್ನಿ" ಅಂತ ಕರೆದರೆ ಈ ಏರ್ಪಾಡಿಗೆ ಪ್ರಾಣಭಯ. 1908ರಲ್ಲಿ ಬೋಸ್ನಿಯಾವನ್ನ ಅಧಿಕೃತವಾಗಿ ಸೇರಿಸಿಕೊಂಡು ಆ ಭಯವನ್ನ ತಾವೇ ದೊಡ್ಡದು ಮಾಡಿಕೊಂಡರು.

ಧಾರವಾಡ_ಪೇಡೆ
ಅದಕ್ಕೂ ಮೊದಲು ಹಂದಿ ಯುದ್ಧ ಆಗಿತ್ತು. ನಗಬೇಡಿ, ಹೆಸರೇ ಅದು. ಸರ್ಬಿಯಾದ ರಫ್ತು ಅಂದ್ರೆ ಮುಖ್ಯವಾಗಿ ಹಂದಿ, ಅದೂ ಆಸ್ಟ್ರಿಯಾ-ಹಂಗರಿ ಕಡೆಗೆ. ಅತ್ತ ಫಿರಂಗಿ ಕೊಳ್ಳೋ ಮಾತು ಬಂತು. ಆಸ್ಟ್ರಿಯಾದವರಿಗೆ ತಮ್ಮ ಸ್ಕೋಡಾ ಕಂಪನಿಯದೇ ಕೊಳ್ಳಲಿ ಅಂತ. ಸರ್ಬಿಯಾ ಫ್ರಾನ್ಸಿನ ಷ್ನೈಡರ್ ಕಡೆ ತಿರುಗಿತು. 1906ರಲ್ಲಿ ಆಸ್ಟ್ರಿಯಾ ಹಂದಿಗೆ ಗಡಿ ಮುಚ್ಚಿತು. ಸರ್ಬಿಯಾ ಬಗ್ಗಲಿಲ್ಲ. ಬೇರೆ ಮಾರುಕಟ್ಟೆ ಹುಡುಕಿತು, ಫ್ರೆಂಚ್ ಸಾಲ ತಂದಿತು. ಹಂದಿ ಸಾಕೋ ರೈತನಿಗೂ ವಿಯೆನ್ನಾ ಅಂದ್ರೆ ಸಿಟ್ಟು ಬರೋ ಹಾಗಾಯ್ತು. ರಾಷ್ಟ್ರೀಯತೆ, ಶಸ್ತ್ರಾಸ್ತ್ರ, ಕೂಟ ಮೂರೂ ಒಂದೇ ಕಥೆಯಲ್ಲಿ ಸಿಗುತ್ತೆ ಮೇಷ್ಟ್ರೇ. ಮಕ್ಕಳು ಮರೆಯೋದೂ ಇಲ್ಲ.

ತರಲೆ_ತಮ್ಮ
ನಾಳೆ ಪೇಪರ್‌ನಲ್ಲಿ: ಮೊದಲ ಮಹಾಯುದ್ಧಕ್ಕೆ ಹಂದಿಯೇ ಕಾರಣ, ಅರಸೀಕೆರೆ ವಿದ್ಯಾರ್ಥಿಗಳ ಉತ್ತರ 😂

ರೈಲುಪ್ರಿಯ
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಯಾರೂ ರೈಲಿನ ಮಾತೇ ಎತ್ತಲಿಲ್ಲ. ಬೇಜಾರಾಯ್ತು.

ಕರಾರು ಯಾರನ್ನೂ ಕಟ್ಟಿ ಹಾಕಿರಲಿಲ್ಲ ಅಂತ ಲಾಯರ್ ಸರ್ ಹೇಳಿದ್ದು ಒಪ್ಪಿದೆ. ಹಾಗಾದ್ರೆ ಜುಲೈ 28ಕ್ಕೆ ಶುರುವಾದ ಆಸ್ಟ್ರಿಯಾ-ಸರ್ಬಿಯಾ ಜಗಳ ಆಗಸ್ಟ್ 4ರ ಹೊತ್ತಿಗೆ ಬೆಲ್ಜಿಯಂವರೆಗೆ ಹೇಗೆ ಹೋಯ್ತು? ಒಂದು ವಾರ! ಉತ್ತರ ಟೈಮ್‌ಟೇಬಲ್‌ನಲ್ಲಿದೆ.

ಜರ್ಮನಿಗೆ ಎರಡೂ ಕಡೆ ಶತ್ರು. ರಷ್ಯಾ ದೊಡ್ಡ ದೇಶ, ಸೇನೆ ಕೂಡಿಸೋಕೆ ವಾರಗಟ್ಟಲೆ ಬೇಕು. ಅಷ್ಟರೊಳಗೆ ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರದಲ್ಲಿ ಫ್ರಾನ್ಸ್ ಮುಗಿಸಿ, ಅದೇ ಸೈನ್ಯವನ್ನ ರೈಲಿಗೆ ಹತ್ತಿಸಿ ಪೂರ್ವಕ್ಕೆ ತರಬೇಕು. ಜರ್ಮನ್ ಸೇನಾ ಮುಖ್ಯಸ್ಥ ಷ್ಲೀಫೆನ್ ಹಾಕಿದ ಲೆಕ್ಕ, ಅವನ ನಂತರ ಬಂದ ಕಿರಿಯ ಮೊಲ್ಟ್‌ಕೆ ತಿದ್ದಿದ್ದು. ಅಂದ್ರೆ ರಷ್ಯಾ ಸೇನೆ ಕೂಡಿಸ್ತಿದೆ ಅಂತ ಗೊತ್ತಾದ ತಕ್ಷಣ ಜರ್ಮನಿ ಫ್ರಾನ್ಸ್ ಮೇಲೆ ಬೀಳಬೇಕು. ಫ್ರಾನ್ಸ್ ಏನೂ ಮಾಡದೇ ಇದ್ರೂ! ಪೂರ್ವಕ್ಕೆ ಮಾತ್ರ ಹೋಗೋ ಇನ್ನೊಂದು ಯೋಜನೆ ಇತ್ತು. ಅದನ್ನ 1913ರಲ್ಲಿ ಕೈಬಿಟ್ಟರು.

ಬೇರೆ ದೇಶ ಸೇನೆ ಕೂಡಿಸಿ ಗಡಿಯಲ್ಲಿ ನಿಲ್ಲಿಸಿ ಮಾತುಕತೆ ಮಾಡಬಹುದಿತ್ತು. ಜರ್ಮನಿಗೆ ಆ ಅವಕಾಶವೇ ಇಲ್ಲ. ಬೆಲ್ಜಿಯಂನ ಲಿಯೇಜ್ ಕೋಟೆ ದಾರಿಗೆ ಅಡ್ಡ, ಅಲ್ಲೇ ರೈಲು ಜಂಕ್ಷನ್. ಸೇನೆ ಪೂರ್ತಿ ಕೂಡೋ ಮೊದಲೇ ಅದು ಕೈಗೆ ಬರಬೇಕು. ಸೇನೆ ಕೂಡಿಸು ಅಂದ್ರೆ ಯುದ್ಧ ಮಾಡು ಅಂತಲೇ ಅರ್ಥ.

ಆಗಸ್ಟ್ 1ರ ಸಂಜೆ ನೋಡಿ. ಬ್ರಿಟನ್ ಫ್ರಾನ್ಸನ್ನ ಸುಮ್ಮನಿರಿಸಬಹುದು ಅನ್ನೋ ಅರ್ಥದ ತಂತಿ ಲಂಡನ್‌ನಿಂದ ಬಂತು. ಕೈಸರ್‌ಗೆ ಖುಷಿ. ಎಲ್ಲ ಸೈನ್ಯ ಪೂರ್ವಕ್ಕೆ ತಿರುಗಿಸಿ ಅಂದ. ಮೊಲ್ಟ್‌ಕೆ ಆಗಲ್ಲ ಅಂದ. ಲಕ್ಷಾಂತರ ಜನ, 11,000 ರೈಲುಗಳ ಲೆಕ್ಕ, ಒಂದು ವರ್ಷದ ಕೆಲಸ, ಈಗ ತಿರುಗಿಸಿದ್ರೆ ಸೇನೆ ಅಲ್ಲ, ಬರೀ ಗುಂಪು ಸಿಗುತ್ತೆ ಅಂತ. ನಿನ್ನ ದೊಡ್ಡಪ್ಪ ಆಗಿದ್ರೆ ಬೇರೆ ಉತ್ತರ ಕೊಡ್ತಿದ್ದ ಅಂತ ಕೈಸರ್ ಚುಚ್ಚಿದ. 1870ರಲ್ಲಿ ಫ್ರಾನ್ಸನ್ನ ಸೋಲಿಸಿದ ಹಿರಿಯ ಮೊಲ್ಟ್‌ಕೆ ಇವನ ದೊಡ್ಡಪ್ಪ.

ಅದೇ ಸಂಜೆ ಲಕ್ಸೆಂಬರ್ಗ್‌ನ ಒಂದು ಸಣ್ಣ ಸ್ಟೇಷನ್ನಿಗೆ ಜರ್ಮನ್ ತುಕಡಿ ನುಗ್ಗಿ ತಂತಿ ಕಚೇರಿ ಹಿಡೀತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾರು ಬಂದು ತಪ್ಪಾಗಿದೆ, ವಾಪಸ್ ಹೋಗಿ ಅಂತು. ರಾತ್ರಿ ಲಂಡನ್ ತಂತಿ ಸುಳ್ಳು ಆಸೆ ಅಂತ ಗೊತ್ತಾಯ್ತು. ಬೆಳಗಾದ್ರೆ ಮತ್ತೆ ಅದೇ ಸ್ಟೇಷನ್.

ಲಾಯರ್_ಮಂಡ್ಯ
ರೈಲುಪ್ರಿಯ, ಚೆನ್ನಾಗಿ ಬರೆದಿದ್ದೀರಿ. ಆದ್ರೆ ಟೈಮ್‌ಟೇಬಲ್ ತಲೆಗೆ ತಪ್ಪು ಕಟ್ಟಬೇಡಿ. ಆ ಟೈಮ್‌ಟೇಬಲ್ ಬರೆದವರು ಯಾರು? ಪೂರ್ವದ ಯೋಜನೆ ಕೈಬಿಟ್ಟವರು ಯಾರು? ಮೊಲ್ಟ್‌ಕೆ ಆಗಲ್ಲ ಅಂದ ಅಂದ್ರಲ್ಲ, ಅವನ ರೈಲ್ವೆ ವಿಭಾಗದ ಮುಖ್ಯಸ್ಥ ಫಾನ್ ಸ್ಟಾಬ್ ಯುದ್ಧ ಮುಗಿದ ಮೇಲೆ ಲೆಕ್ಕ ಹಾಕಿ ತೋರಿಸಿದ, ತಿರುಗಿಸಬಹುದಿತ್ತು ಅಂತ.

ರೈಲುಪ್ರಿಯ
ತೋರಿಸಿದ್ದು ಯುದ್ಧ ಮುಗಿದ ಮೇಲೆ ಸರ್. ಆ ಸಂಜೆ ರೂಮಿನಲ್ಲಿದ್ದವರಿಗೆ ಆಗಲ್ಲ ಅನ್ನೋದೇ ಸತ್ಯ.

ರಷ್ಯಾದಲ್ಲೂ ಅಷ್ಟೇ. ಆಸ್ಟ್ರಿಯಾ ಎದುರಿಗೆ ಮಾತ್ರ ಸೇನೆ ಕೂಡಿಸೋಣ, ಜರ್ಮನಿಯನ್ನ ಕೆಣಕೋದು ಬೇಡ ಅಂತ ತ್ಸಾರ್ ನಿಕೊಲಸ್ ಯೋಚಿಸಿದ. ಜನರಲ್‌ಗಳು ಹಾಗೆ ಅರ್ಧ ಕೂಡಿಸಿದ್ರೆ ಪೂರ್ತಿ ಯೋಜನೆ ಕೆಡುತ್ತೆ ಅಂದರು. ಜುಲೈ 29ರಂದು ಪೂರ್ತಿ ಆದೇಶ ಕೊಟ್ಟ. ರಾತ್ರಿ ಕೈಸರ್‌ನ ತಂತಿ ನೋಡಿ ವಾಪಸ್ ತಗೊಂಡ. 30ರ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಜೊನೊವ್ ಕೂತು ಒಪ್ಪಿಸಿದ. ಮತ್ತೆ ಮನಸ್ಸು ಬದಲಾಯಿಸಿದ್ರೆ ಕಷ್ಟ ಅಂತ ಸೇನಾ ಮುಖ್ಯಸ್ಥ ಯನುಶ್ಕೆವಿಚ್ ಇನ್ನು ಫೋನ್ ಒಡೆದು ಹಾಕ್ತೀನಿ, ಯಾರಿಗೂ ಸಿಗಲ್ಲ ಅಂದಿದ್ದ.

ಗೇಜ್ ಬೇರೆ. ರಷ್ಯಾದ್ದು 5 ಅಡಿ, ಜರ್ಮನಿಯದು 4 ಅಡಿ ಎಂಟೂವರೆ ಇಂಚು. ಗಡಿ ದಾಟಿದ ಮೇಲೆ ಅವರ ರೈಲು ಇವರ ಹಳಿ ಮೇಲೆ ಓಡಲ್ಲ. ಮೀಟರ್ ಗೇಜ್ ಕಾಲ ನೋಡಿದ ಅರಸೀಕೆರೆಯವರಿಗೆ ಗೇಜ್ ಕಷ್ಟ ನಾನು ಹೇಳಬೇಕಾಗಿಲ್ಲ.

ಮೇಷ್ಟ್ರು_ಅರಸೀಕೆರೆ
ಅಯ್ಯೋ ಅದನ್ನೆಲ್ಲ ನೆನಪಿಸಬೇಡಿ 😄 ಆ ಫೋನ್ ವಿಷಯ ನಾಳೆಯೇ ಕ್ಲಾಸಿನಲ್ಲಿ ಹೇಳ್ತೀನಿ. ಒಂದು ಅನುಮಾನ. ತ್ಸಾರ್ ಮತ್ತು ಕೈಸರ್ ಸಂಬಂಧಿಕರಲ್ವಾ?

ಹಳೇ_ಪೇಪರ್
ಹೌದು. ಬ್ರಿಟನ್ನಿನ ಐದನೇ ಜಾರ್ಜ್ ಮತ್ತು ವಿಲ್ಹೆಲ್ಮ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ಜಾರ್ಜ್ ಮತ್ತು ನಿಕೊಲಸ್ ಅಕ್ಕತಂಗಿಯರ ಮಕ್ಕಳು, ಪಕ್ಕ ಪಕ್ಕ ನಿಂತ ಫೋಟೊ ನೋಡಿದ್ರೆ ಅವಳಿ ಅನ್ಸುತ್ತೆ. ಕೈಸರ್ ಮತ್ತು ತ್ಸಾರ್ ಆ ವಾರ ವಿಲ್ಲಿ, ನಿಕಿ ಅಂತ ಸಹಿ ಹಾಕಿ ಇಂಗ್ಲಿಷಿನಲ್ಲಿ ತಂತಿ ಕಳಿಸಿಕೊಂಡರು. ಬೀಗರಾದ್ರೆ ಜಗಳ ಇರಲ್ಲ ಅಂತ ನಂಬಿದವರು ನಮ್ಮೂರಿಗೆ ಬಂದು ಎರಡು ದಿನ ಇರಲಿ.

ಕುಡ್ಲದ_ಕಿಟ್ಟ
ಸ್ವಲ್ಪ ಬೇರೆ ವಿಷಯ, ಆದ್ರೂ ಹೇಳ್ತೇನೆ. ಈ ಯುದ್ಧ ನಮ್ಮ ಮಂಗಳೂರಿಗೆ ಬಂದಿದ್ದು ಹಂಚಿನ ಕಾರ್ಖಾನೆ ಮೂಲಕ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ನೇಯ್ಗೆ ಮಿಲ್ಲೂ ಇತ್ತು. ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡ್‌ನಲ್ಲಿ, ಆದ್ರೆ ಇಲ್ಲಿಗೆ ಬಂದವರಲ್ಲಿ ಬಹಳ ಜನ ಜರ್ಮನರು. ಯುದ್ಧ ಶುರುವಾದದ್ದೇ ಅವರು ಶತ್ರು ದೇಶದವರಾದ್ರು. ಅಹಮದ್‌ನಗರದ ಶಿಬಿರಕ್ಕೆ ಕಳಿಸಿದ್ರು. ಕಾರ್ಖಾನೆಗಳು ಸರ್ಕಾರದ ಕೈಗೆ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು.

ನಮ್ಮಲ್ಲಿ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಸಹ ಅದೇ ಮಿಷನ್ನಿನವರಲ್ವಾ? ಅವರು 1903ರಲ್ಲೇ ತೀರಿಕೊಂಡಿದ್ರು, ಇದನ್ನೆಲ್ಲ ನೋಡಲಿಲ್ಲ.

ಧಾರವಾಡ_ಪೇಡೆ
ಕಿಟ್ಟಣ್ಣ, ಧಾರವಾಡದಾಗೂ ಅವರ ಶಾಲೆ ಇತ್ತು.

ಹಳೇ_ಪೇಪರ್
ಮೈಸೂರು ಬಿಟ್ಟರೆ ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟ್‌ಗೆ ಹೊರಟು ಸೂಯೆಜ್ ಕಾಲುವೆ ಕಾಯೋಕೆ ನಿಂತರು. 1918 ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆ ಜೊತೆ ಹೈಫಾ ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ. ಎಷ್ಟು ಜನ ಅದರ ಪಕ್ಕದಲ್ಲೇ ಬಸ್ಸಲ್ಲಿ ಹೋಗ್ತಾರೆ, ಇಳಿದು ನೋಡಿದವರು ಎಷ್ಟು?

ತರಲೆ_ತಮ್ಮ
ಟ್ರಾಫಿಕ್ಕಲ್ಲಿ ಇಳಿದ್ರೂ ಬಸ್ ಅಲ್ಲೇ ಇರುತ್ತೆ, ನೋಡ್ಕೊಂಡು ವಾಪಸ್ ಹತ್ತಬಹುದು.

ನಿರ್ವಾಹಕ
ಲ್ಯಾನ್ಸರ್ಸ್ ಬಗ್ಗೆ ಬೇರೆ ಚರ್ಚೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಯುದ್ಧಕ್ಕೆ ಮೊದಲಿನ ವಿಷಯ ಇರಲಿ.

ಐಎಎಸ್_ಕನಸು
ನೌಕಾಪಡೆ ಪೈಪೋಟಿ ಬಗ್ಗೆ ಯಾರೂ ಹೇಳಲಿಲ್ಲ. ಡ್ರೆಡ್‌ನಾಟ್ ಯುದ್ಧನೌಕೆ ಬಗ್ಗೆ ಬರೆಯದೇ ಇದ್ರೆ ಉತ್ತರ ಅಪೂರ್ಣ.

ಧಾರವಾಡ_ಪೇಡೆ
ಬರೀರಿ, ಆದ್ರೆ ಪೂರ್ತಿ ಬರೀರಿ. 1898 ಮತ್ತು 1900ರಲ್ಲಿ ಜರ್ಮನಿಯ ನೌಕಾ ಮುಖ್ಯಸ್ಥ ತಿರ್ಪಿಟ್ಜ್ ನೌಕಾ ಕಾಯ್ದೆ ಮಾಡಿಸಿದ. 1906ರಲ್ಲಿ ಬ್ರಿಟನ್ ಡ್ರೆಡ್‌ನಾಟ್ ನೀರಿಗಿಳಿಸಿತು. 12 ಇಂಚಿನ ಹತ್ತು ತೋಪು, ಟರ್ಬೈನ್ ಎಂಜಿನ್. ಅದರ ಮುಂದೆ ಹಳೇ ಯುದ್ಧನೌಕೆಗಳೆಲ್ಲ ಸಪ್ಪೆ. ಬ್ರಿಟನ್ನಿನ ಹಳೇ ಹಡಗುಗಳೂ ಸೇರಿ! ಹಾಗಾಗಿ ಎಲ್ಲರೂ ಹೊಸದಾಗಿ ಎಣಿಸೋ ಹಾಗಾಯ್ತು. 1909ರಲ್ಲಿ ಬ್ರಿಟನ್ನಿನಲ್ಲಿ ಎಂಟು ಹಡಗು ಬೇಕೇ ಬೇಕು ಅಂತ ಗಲಾಟೆ ಎದ್ದಿತು. ನೌಕಾ ಇಲಾಖೆ ಆರು ಕೇಳಿತ್ತು, ಉಳಿತಾಯದವರು ನಾಲ್ಕು ಅಂದ್ರು, ರಾಜಿಯಾಗಿದ್ದು ಎಂಟಕ್ಕೆ. ಇದು ಚರ್ಚಿಲ್ ಹೊಡೆದ ಜೋಕ್.

ಆದರೆ 1912-13ರ ಹೊತ್ತಿಗೆ ಈ ಓಟದಲ್ಲಿ ಬ್ರಿಟನ್ ಗೆದ್ದಾಗಿತ್ತು. ಜರ್ಮನಿ ದುಡ್ಡನ್ನ ಭೂಸೇನೆಗೆ ತಿರುಗಿಸಿತು. 1913ರ ಕಾಯ್ದೆಯಲ್ಲಿ ಲಕ್ಷಕ್ಕೂ ಹೆಚ್ಚು ಸೈನಿಕರನ್ನ ಸೇರಿಸಿಕೊಳ್ಳೋಕೆ ಒಪ್ಪಿಗೆ ಸಿಕ್ತು. ಫ್ರಾನ್ಸ್ ಅದೇ ವರ್ಷ ಕಡ್ಡಾಯ ಸೇವೆಯನ್ನ ಎರಡು ವರ್ಷದಿಂದ ಮೂರಕ್ಕೆ ಏರಿಸಿತು. ಸರಾಯೆವೊದಲ್ಲಿ ಗುಂಡು ಹಾರಿದ ದಿನ ಬ್ರಿಟಿಷ್ ಯುದ್ಧನೌಕೆಗಳು ಎಲ್ಲಿದ್ದವು ಗೊತ್ತಾ? ಜರ್ಮನಿಯ ಕೀಲ್ ಬಂದರಿನಲ್ಲಿ, ಅತಿಥಿಗಳಾಗಿ. ಕೈಸರ್ ಅಲ್ಲೇ ದೋಣಿ ಸ್ಪರ್ಧೆಯಲ್ಲಿದ್ದ.

ರೈಲುಪ್ರಿಯ
ಇದೇ ನನ್ನ ಮಾತು. ಭಯ ಹುಟ್ಟಿಸಿದ್ದು ಸಮುದ್ರ ಅಲ್ಲ, ರಷ್ಯಾದ ಹಳಿ. ಫ್ರೆಂಚ್ ಸಾಲದಲ್ಲಿ ರಷ್ಯಾ ಪಶ್ಚಿಮ ಗಡಿಗೆ ರೈಲು ಹಾಕ್ತಿತ್ತು. 1914ರಲ್ಲಿ ಒಪ್ಪಿಗೆಯಾದ ದೊಡ್ಡ ಸೇನಾ ಯೋಜನೆ 1917ಕ್ಕೆ ಮುಗೀಬೇಕಿತ್ತು. ಅದು ಮುಗಿದರೆ ಷ್ಲೀಫೆನ್ ಲೆಕ್ಕವೆಲ್ಲ ತಲೆಕೆಳಗು. ಹೇಗೂ ಯುದ್ಧ ಆಗೋದಾದ್ರೆ ಈಗಲೇ ಆಗಲಿ ಅನ್ನೋ ಮನಸ್ಸು ಬರ್ಲಿನ್‌ನಲ್ಲಿ ಬಂದಿದ್ದು ಅಲ್ಲಿಂದ.

ಮ್ಯೂನಿಕ್_ಕನ್ನಡತಿ
ಬಂದಿದ್ದು 1914ರಲ್ಲಿ ಅಲ್ಲ, ಅದಕ್ಕೂ ಮೊದಲೇ. 1912 ಡಿಸೆಂಬರ್ 8ರಂದು ಕೈಸರ್ ಸೇನಾ ನಾಯಕರ ಸಭೆ ಕರೆದಿದ್ದ. ಯುದ್ಧ ಬೇಗ ಆದಷ್ಟೂ ಒಳ್ಳೇದು ಅಂತ ಮೊಲ್ಟ್‌ಕೆ ಅಲ್ಲೇ ಹೇಳಿದ್ದ. ತಿರ್ಪಿಟ್ಜ್ ಇನ್ನೂ ಒಂದೂವರೆ ವರ್ಷ ಬೇಕು ಅಂದ, ಕೀಲ್ ಕಾಲುವೆ ಅಗಲ ಮಾಡೋ ಕೆಲಸ ಮುಗಿದಿರಲಿಲ್ಲ. ಆ ಕೆಲಸ ಮುಗಿದಿದ್ದು 1914ರ ಜೂನ್‌ನಲ್ಲಿ. ಆ ಸಭೆಯಲ್ಲೇ ಯುದ್ಧದ ತೀರ್ಮಾನ ಆಯ್ತು ಅನ್ನೋದನ್ನ ನಾನು ನಂಬಲ್ಲ, ಸಭೆ ಆದ ಮೇಲೆ ಅಂಥ ದೊಡ್ಡ ತಯಾರಿಯೇನೂ ಕಾಣಲ್ಲ. ಆದ್ರೆ ಜರ್ಮನಿ ಪಾಪದ ದೇಶ, ಟೈಮ್‌ಟೇಬಲ್‌ಗೆ ಸಿಕ್ಕಿಬಿತ್ತು ಅನ್ನೋ ಕಥೆಯನ್ನೂ ನಂಬಲ್ಲ. ಇಲ್ಲಿನ ಶಾಲೆಗಳಲ್ಲಿ ನನ್ನ ಮಗ ಓದಿದ್ದೂ ಹೀಗೇ, ತಮ್ಮ ದೇಶದ ಪಾಲು ಮುಚ್ಚಿಡದೇ ಕಲಿಸಿದ್ರು.

ಲಾಯರ್_ಮಂಡ್ಯ
ಹಾಗಂತ ಉಳಿದವರು ಸಾಚಾ ಅಲ್ಲ. ಸರ್ಬಿಯಾದ ಸೇನಾ ಗುಪ್ತಚರ ಮುಖ್ಯಸ್ಥ ದಿಮಿತ್ರಿಯೆವಿಚ್, 'ಆಪಿಸ್' ಅಂತ ಕರೀತಿದ್ರು, 1903ರಲ್ಲಿ ತನ್ನದೇ ರಾಜ ರಾಣಿಯನ್ನ ಕೊಂದ ಗುಂಪಿನವನು. ಸರಾಯೆವೊ ಹುಡುಗರಿಗೆ ಪಿಸ್ತೂಲು ಬಾಂಬು ಸಿಕ್ಕಿದ್ದು ಅವನ ಜನರ ಕಡೆಯಿಂದ.

ಆಸ್ಟ್ರಿಯಾ ಮಾಡಿದ್ದನ್ನ ನೋಡಿ. ಕೊಲೆಯಾದ ವಾರದಲ್ಲೇ ಸರ್ಬಿಯಾ ಮೇಲೆ ಬಿದ್ದಿದ್ರೆ ಯೂರೋಪಿನ ಅನುಕಂಪ ಅವರ ಕಡೆ ಇತ್ತು. ಆದ್ರೆ ಅವರ ಸೈನಿಕರು ಸುಗ್ಗಿ ರಜೆ ಮೇಲೆ ಊರಿಗೆ ಹೋಗಿದ್ರು! ಆಮೇಲೆ ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ರಷ್ಯಾ ಭೇಟಿಯಲ್ಲಿದ್ದ, ಅವನು ಹಡಗು ಹತ್ತಲಿ ಅಂತ ಕಾದರು. ಜುಲೈ 23ರ ಸಂಜೆ ಹತ್ತು ಬೇಡಿಕೆಯ ಪತ್ರ, 48 ಗಂಟೆ ಗಡುವು. ಸರ್ಬಿಯಾ ಬಹುತೇಕ ಒಪ್ಪಿತು. ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳೂ ಇರಬೇಕು ಅನ್ನೋದನ್ನ ಮಾತ್ರ ಒಪ್ಪಲಿಲ್ಲ. ಆ ಉತ್ತರ ಓದಿದ ಕೈಸರ್‌ಗೇ ಇನ್ನು ಯುದ್ಧಕ್ಕೆ ಕಾರಣ ಉಳಿದಿಲ್ಲ ಅನ್ನಿಸಿತು. ಓದಿದ್ದು ಯಾವಾಗ? 28ರ ಬೆಳಿಗ್ಗೆ. ಆವತ್ತೇ ಆಸ್ಟ್ರಿಯಾ ತಂತಿ ಕಳಿಸಿ ಯುದ್ಧ ಸಾರಿತು.

ಐಎಎಸ್_ಕನಸು
ಜನರೂ ಯುದ್ಧ ಬೇಕು ಅಂತ ಬೀದಿಯಲ್ಲಿ ಕುಣಿದರಲ್ಲ. ಮ್ಯೂನಿಕ್ ಚೌಕದಲ್ಲಿ ಹಿಟ್ಲರ್ ನಿಂತಿರೋ ಫೋಟೊ ಇದೆ.

ಮ್ಯೂನಿಕ್_ಕನ್ನಡತಿ
ಅದು ಓಡಿಯೋನ್ಸ್ ಚೌಕ, 1914 ಆಗಸ್ಟ್ 2. ಫೋಟೊ ತೆಗೆದವನು ಹೋಫ್‌ಮನ್, ಮುಂದೆ ಹಿಟ್ಲರ್‌ನದೇ ಫೋಟೊಗ್ರಾಫರ್ ಆದವನು. ಆ ಚಿತ್ರ ತಿದ್ದಿದ್ದಿರಬಹುದು ಅನ್ನೋ ಅನುಮಾನ ಇತಿಹಾಸಕಾರರಿಗೆ ಇದೆ.

ಕುಣಿದವರು ಇದ್ದರು, ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಹಳ್ಳಿಯಲ್ಲಿ ಸುಗ್ಗಿ ಹೊತ್ತು, ದುಡಿಯೋ ಗಂಡಸರನ್ನೂ ಕುದುರೆಗಳನ್ನೂ ಕರ್ಕೊಂಡು ಹೋಗ್ತಾರೆ ಅಂದ್ರೆ ಯಾರು ಕುಣೀತಾರೆ? ಜುಲೈ ಕೊನೆಯಲ್ಲಿ ಜರ್ಮನಿಯ ಸಮಾಜವಾದಿಗಳು ಯುದ್ಧದ ವಿರುದ್ಧ ದೊಡ್ಡ ದೊಡ್ಡ ಸಭೆ ಮಾಡಿದರು. ಪ್ಯಾರಿಸ್‌ನಲ್ಲಿ ಯುದ್ಧ ತಡೆಯೋಕೆ ಓಡಾಡ್ತಿದ್ದ ಫ್ರೆಂಚ್ ಸಮಾಜವಾದಿ ನಾಯಕ ಜೋರೆಸ್‌ನನ್ನ ಜುಲೈ 31ರ ರಾತ್ರಿ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಕಿಟಕಿಯಿಂದ ಗುಂಡು ಹಾರಿಸಿ ಕೊಂದರು. ಕೊಂದವನನ್ನ 1919ರಲ್ಲಿ ಕೋರ್ಟು ಬಿಟ್ಟೂಬಿಡ್ತು.

ಹಳೇ_ಪೇಪರ್
ಮತ್ತೆ ಅದೇ ಜರ್ಮನ್ ಸಮಾಜವಾದಿಗಳು ಆಗಸ್ಟ್ 4ರಂದು ಯುದ್ಧದ ಸಾಲಕ್ಕೆ ಮತ ಹಾಕಿದರಲ್ಲ ಅಕ್ಕಾ. ಜರ್ಮನ್ ಪಾರ್ಲಿಮೆಂಟ್ ರೈಖ್‌ಸ್ಟಾಗ್‌ನಲ್ಲಿ ದೊಡ್ಡ ಪಕ್ಷ ಅವರದೇ.

ಮ್ಯೂನಿಕ್_ಕನ್ನಡತಿ
ಹಾಕಿದರು, ಯಾಕೆ ಅಂತ ನೋಡಿ. ಬೆಥ್‌ಮನ್ ಹೋಲ್ವೆಗ್ ರಷ್ಯಾ ಮೊದಲು ಸೇನೆ ಕೂಡಿಸಲಿ ಅಂತ ಕಾದ. ಕೂಡಿಸಿದ ಮೇಲೆ, ನೋಡಿ ತ್ಸಾರ್ ನಮ್ಮ ಮೇಲೆ ಬರ್ತಿದ್ದಾನೆ ಅಂದ. ಸಮಾಜವಾದಿಗಳಿಗೆ ತ್ಸಾರ್ ಅಂದ್ರೆ ಮೊದಲೇ ಆಗಲ್ಲ. ದೇಶ ಕಾಪಾಡೋ ಯುದ್ಧ ಅಂದ ಮೇಲೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ರಾಷ್ಟ್ರೀಯತೆ ಕೆಲಸ ಮಾಡಿದ್ದು ಹೀಗೆ. ಯುದ್ಧ ಶುರು ಮಾಡಿದ್ದಕ್ಕಿಂತ, ಶುರುವಾದದ್ದನ್ನ ಯಾರೂ ಪ್ರಶ್ನೆ ಮಾಡದ ಹಾಗೆ ಮಾಡಿತು.

ಲಾಯರ್_ಮಂಡ್ಯ
ಈ ಸಾಲನ್ನ ಐಎಎಸ್ ತಮ್ಮ ಬರೆದಿಟ್ಟುಕೊಳ್ಳಲಿ.

ಐಎಎಸ್_ಕನಸು
ಬರೆದುಕೊಂಡೆ. ಪರೀಕ್ಷಕರು ಅಂಕ ಕೊಡದೇ ಇದ್ರೆ ನಿಮ್ಮ ಹತ್ರಾನೇ ಕೇಸ್ ಹಾಕಿಸ್ತೀನಿ.

ಮೇಷ್ಟ್ರು_ಅರಸೀಕೆರೆ
ಎಲ್ಲರಿಗೂ ಧನ್ಯವಾದ. ಕ್ಲಾಸಿಗೆ ಹೀಗೆ ಮಾಡ್ತೀನಿ ಅಂದ್ಕೊಂಡಿದ್ದೀನಿ. ಐದಾರು ಮಕ್ಕಳಿಗೆ ಒಂದೊಂದು ದೇಶ ಕೊಡೋದು. ಬೋರ್ಡಿನ ಮೇಲೆ ತಾರೀಕು ಬರೆದು, ಇವತ್ತು ಜುಲೈ 28, ನಿಮ್ಮ ಕರಾರಿನಲ್ಲಿ ಇಷ್ಟಿದೆ, ಏನು ಮಾಡ್ತೀರಿ ಅಂತ ಕೇಳೋದು. ಆ ಹುಡುಗಿಗೆ ಇಟಲಿ ಕೊಡ್ತೀನಿ. 7ನೇ ಕಲಂ ಚೀಟಿಯಲ್ಲಿ ಬರೆದು ಕೈಗಿಡ್ತೀನಿ.

ಟರ್ಕಿಯನ್ನ ಯಾವ ಕಡೆ ಕೂರಿಸಲಿ? ಪುಸ್ತಕದಲ್ಲಿ ಎರಡೂ ಕೂಟದಲ್ಲಿ ಹೆಸರಿಲ್ಲ, ಯುದ್ಧದಲ್ಲಿ ಜರ್ಮನಿ ಕಡೆ ಇದೆ.

ಧಾರವಾಡ_ಪೇಡೆ
ಮೊದಲು ಹೊರಗೆ ಕೂರಿಸ್ರಿ. ಟರ್ಕಿ ಜನ ಚಂದಾ ಎತ್ತಿ ಬ್ರಿಟನ್ನಿನಲ್ಲಿ ಎರಡು ಯುದ್ಧನೌಕೆ ಕಟ್ಟಿಸ್ತಿದ್ರು. ಆಗಸ್ಟ್ ಶುರುವಿನಲ್ಲಿ ಬ್ರಿಟನ್ನಿನ ನೌಕಾ ಮಂತ್ರಿ ಚರ್ಚಿಲ್ ಅವನ್ನ ಹಿಡಿದುಕೊಂಡ. ಸಿಟ್ಟಿನಲ್ಲಿ ಜರ್ಮನಿ ಕಡೆ ಹೋದರು.

ಲಾಯರ್_ಮಂಡ್ಯ
ಪೇಡೆಯವರೇ, ಜರ್ಮನಿ-ಟರ್ಕಿ ಗುಪ್ತ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಆಗಸ್ಟ್ 2ಕ್ಕೆ. ಮಾತುಕತೆ ಜುಲೈನಲ್ಲೇ ನಡೀತಿತ್ತು. ಹಡಗಿನ ಸಿಟ್ಟು ಜನರಿಗೆ ಬಂದಿದ್ದು ನಿಜ, ಟರ್ಕಿಯ ಯುದ್ಧ ಮಂತ್ರಿ ಎನ್ವರ್ ಪಾಷಾ ಮನಸ್ಸು ಅದಕ್ಕೂ ಮೊದಲೇ ತಿರುಗಿತ್ತು.

ಧಾರವಾಡ_ಪೇಡೆ
ಸಹಿ ಹಾಕಿದ ಮೇಲೂ ಅಕ್ಟೋಬರ್ ಕೊನೆವರೆಗೆ ಯುದ್ಧಕ್ಕೆ ಇಳೀಲಿಲ್ಲವಲ್ಲ! ಕರಾರು ಇದ್ದರೂ ಬರಲೇಬೇಕು ಅಂತೇನಿಲ್ಲ ಅಂತ ಮೇಲೆ ವಾದ ಮಾಡಿದವರು ನೀವೇ ಅಲ್ವಾ? ಈಗ ಸಹಿ ತಾರೀಕು ಹಿಡ್ಕೊಂಡು ಬರ್ತೀರಿ.

ಲಾಯರ್_ಮಂಡ್ಯ
ಅದಕ್ಕೆ ಗೋಬೆನ್, ಬ್ರೆಸ್ಲಾವ್ ಅನ್ನೋ ಜರ್ಮನ್ ಹಡಗುಗಳ ಕಥೆ ಹೇಳಬೇಕಾಗುತ್ತೆ. ಬರೆಯೋಕೆ ರಾತ್ರಿ ಆಗುತ್ತೆ.

ನಿರ್ವಾಹಕ
ಟರ್ಕಿಗೆ ಹೊಸ ಚರ್ಚೆ ತೆರೆದಿದ್ದೇನೆ. ಇಬ್ಬರೂ ಅಲ್ಲಿಗೆ ಬನ್ನಿ.

ತರಲೆ_ತಮ್ಮ
ಬಂದೆ. ಅಲ್ಲಿ ಸ್ಯಾಂಡ್‌ವಿಚ್ ಇದೆಯಾ?